ಹೊಳೆ ದೊಡ್ಡದಾಗಲೆಂದು ಕೇಳಿದವರು

ನಾನು ಕೆಲಸಕ್ಕೆ ಸೇರಿದ ದಿನ ಆ ಶಾಲೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ದೊಡ್ಡ ಟೀಚರ್ ಕೂತಿದ್ದರು. ನನ್ನನ್ನು ಕಂಡದ್ದೇ ಎದ್ದು, ಕೂತುಕೋ ಎಂದರು. ನಾನು ಸಂಕೋಚಪಟ್ಟು ನಿಂತೇ ಇದ್ದೆ. ಅವರೂ ನಿಂತರು. ಕುರ್ಚಿ ಖಾಲಿ ಉಳಿಯಿತು. ಹೀಗೇ ಸ್ವಲ್ಪ ಹೊತ್ತು ಕಳೆದ ಮೇಲೆ ಅವರು ಸೆರಗನ್ನು ಎರಡೂ ಕೈಯಲ್ಲಿ ಅಗಲವಾಗಿ ಒಡ್ಡಿ, ಮುಖವನ್ನು ಮಾಡಿನ ಹಂಚಿನ ಕಡೆ ಎತ್ತಿ, ಕಣ್ಣು ಮುಚ್ಚಿ, ದೇವರ ಹತ್ತಿರ ಇನ್ನೊಂದು ಕುರ್ಚಿ ಕೇಳಿದರು. ಬರೀ ಕುರ್ಚಿ ಅಲ್ಲ. ಅದಕ್ಕೆ ಕೈ ಇರಬೇಕು, ತಲೆ ಒರಗಿಸಲು ಬರಬೇಕು, ಈ ಹುಡುಗಿ ಗಿಡ್ಡ, ಇವಳ ಕಾಲು ನೆಲಕ್ಕೆ ತಾಗುವಷ್ಟೇ ಎತ್ತರ ಇರಬೇಕು. ನನಗೆ ನಗು ಬಂತು. ತಡೆದುಕೊಂಡೆ.

ಹದಿನೈದು ದಿನದೊಳಗೆ ಬ್ರಹ್ಮಾವರದ ಪೇಟೆಯಲ್ಲಿ ಕ್ಷೌರದಂಗಡಿ ಇಟ್ಟಿದ್ದವನೊಬ್ಬ ಅಂಗಡಿ ಮುಚ್ಚಿ ಮುಂಬೈಗೆ ಹೊರಟ. ಅವನ ಮಗಳು ನಮ್ಮಲ್ಲಿ ಕಲಿತವಳು. ಹೋಗುವ ಮೊದಲು ತನ್ನ ತಿರುಗುವ ಕುರ್ಚಿಯನ್ನು ಎತ್ತಿನ ಗಾಡಿಯಲ್ಲಿ ತಂದು ಶಾಲೆಯ ಜಗಲಿಯಲ್ಲಿ ಇಳಿಸಿದ. ಕೈ ಇತ್ತು. ತಲೆಗೆ ಒರಗು ಇತ್ತು. ತಿರುಪಿದರೆ ಬೇಕಾದ ಎತ್ತರ. ಹನ್ನೊಂದು ವರ್ಷ ನಾನು ಅದರ ಮೇಲೆ ಕೂತು ಮಗ್ಗಿ ಹೇಳಿಸಿದೆ. ಯಾವ ಮೂಲೆಯಿಂದ ತಪ್ಪು ಕೇಳಿಸಿದರೂ ಆ ಕಡೆ ತಿರುಗುವುದು ಸುಲಭವಾಗಿತ್ತು. ಒಮ್ಮೆ ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಅದರಲ್ಲಿ ಕೂತವರೇ ಅರಿವಿಲ್ಲದೆ ತಲೆ ಹಿಂದಕ್ಕೆ ಒರಗಿಸಿ ಗದ್ದ ಮೇಲಕ್ಕೆತ್ತಿದರು. ಮಕ್ಕಳು ನಗದ ಹಾಗೆ ನೋಡಿಕೊಳ್ಳುವುದೇ ಅವತ್ತಿನ ನನ್ನ ದೊಡ್ಡ ಕೆಲಸವಾಯಿತು.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಶಾಲೆ ಇದ್ದದ್ದು ಬ್ರಹ್ಮಾವರದಿಂದ ಹಂಗಾರಕಟ್ಟೆಯ ಕಡೆ ಹೋಗುವಾಗ ಸಿಗುವ ಹೊಳೆದಂಡೆಯಲ್ಲಿ. ಕ್ರೈಸ್ತ ಸಭೆಯವರು ನಡೆಸುತ್ತಿದ್ದ ಐದು ಕ್ಲಾಸಿನ ಶಾಲೆ, ಟೀಚರುಗಳು ಇಬ್ಬರೇ. ದೊಡ್ಡ ಟೀಚರ್ ಅವರು, ಸಣ್ಣ ಟೀಚರ್ ನಾನು. ಅವರಿಗೆ ಒಂದು ಹೆಸರಿತ್ತು, ಹಾಜರಿ ಪುಸ್ತಕದಲ್ಲಿ ಬರೆದೂ ಇತ್ತು. ಆದರೆ ಅದನ್ನು ಯಾರ ಬಾಯಲ್ಲೂ ನಾನು ಕೇಳಲಿಲ್ಲ, ಹಾಗಾಗಿ ಇಲ್ಲಿಯೂ ಬರೆಯುವುದಿಲ್ಲ. ಆಗ ಅವರಿಗೆ ನಲವತ್ತೈದು ದಾಟಿತ್ತು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಶಾಲೆಯ ಹಿಂದಿನ ಎರಡು ಕೋಣೆಯ ಹಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ಮಳೆಗಾಲದಲ್ಲಿ ಬಸ್ಸು ನಿಂತರೆ ನಾನೂ ಅಲ್ಲೇ ಉಳಿಯುತ್ತಿದ್ದೆ.

ನನ್ನದು ಸಾಲಿಗ್ರಾಮ. ದೇವರ ಹತ್ತಿರ ಹೇಗೆ ನಡೆದುಕೊಳ್ಳಬೇಕು ಎಂಬುದು ನಮ್ಮ ಮನೆಯಲ್ಲಿ ಗೊತ್ತಿದ್ದ ವಿಷಯ. ಜ್ವರ ಬಿಟ್ಟರೆ ಹಣ್ಣುಕಾಯಿ, ಪರೀಕ್ಷೆ ಪಾಸಾದರೆ ಒಂದು ಪೂಜೆ, ಕೆಲಸ ಸಿಕ್ಕಿದರೆ ತುಪ್ಪದ ದೀಪ. ನನ್ನ ಅಮ್ಮ ಹೊತ್ತ ಹರಕೆಗಳಲ್ಲಿ ತೀರಿಸಲು ಬಾಕಿ ಇದ್ದವೇ ಒಂದಷ್ಟು. ಇದನ್ನು ದೊಡ್ಡ ಟೀಚರಿಗೆ ಹೇಳಿದಾಗ ಅವರಿಗೆ ನಿಜವಾಗಿಯೂ ಕನಿಕರವಾಯಿತು.

“ಅಬ್ಬಿ ಹತ್ರ ಅನ್ನ ಕೇಳುಕೆ ಮಕ್ಳ್ ಲಂಚ ಕೊಡ್ತ್ವಾ, ಮಗಾ?” ಎಂದರು. ಅಬ್ಬಿ ಎಂದರೆ ತಾಯಿ.

ಅವರ ಲೆಕ್ಕಾಚಾರ ಬೇರೆ. ದೇವರು ತಂದೆ, ಅವನಿಗೆ ಎಲ್ಲವೂ ಇದೆ, ಕೊಡಲು ಅವನಿಗೆ ಆಸೆಯೂ ಇದೆ. ತೊಂದರೆ ಇರುವುದು ನಮ್ಮಲ್ಲಿ, ನಮಗೆ ಕೇಳಲು ಧೈರ್ಯ ಸಾಲದು. ಸಣ್ಣದನ್ನು ಕೇಳುವುದು ವಿನಯ ಅಲ್ಲ, ಅದು ದೇವರಿಗೆ ಮಾಡುವ ಅವಮಾನ. ಧಣಿಯ ಮನೆಗೆ ಹೋಗಿ ಒಂದು ಮುಷ್ಟಿ ಉಪ್ಪು ಕೇಳಿ ಬಂದ ಹಾಗೆ. ಅದಕ್ಕೇ ಅವರ ಸೆರಗು ಅಷ್ಟು ಅಗಲ. ಕೊಡುವವನು ಧಾರಾಳ ಇರುವಾಗ ಸೆರಗು ಕಿರಿದಾದರೆ ಚೆಲ್ಲಿಹೋಗುತ್ತದಲ್ಲ.

ಪ್ರಾರ್ಥನೆ ಶುರುವಾಗುತ್ತಿದ್ದದ್ದು ದೇವಾಲಯದ, ಎಂದರೆ ಅವರ ಚರ್ಚಿನ, ಪುಸ್ತಕದ ಕನ್ನಡದಲ್ಲಿ. “ಕರುಣಾಮಯನಾದ ತಂದೆಯೇ, ದಯಪಾಲಿಸು” ಎಂದೆಲ್ಲ ಗಂಭೀರವಾಗಿ ಹೊರಟು, ವಸ್ತುವಿನ ವಿವರ ಬಂದ ಕೂಡಲೇ ಕುಂದಾಪ್ರ ಕನ್ನಡಕ್ಕೆ ಇಳಿಯುತ್ತಿತ್ತು. ಯಾಕೆ ಹಾಗೆ ಎಂದು ಕೇಳಿದ್ದಕ್ಕೆ, ಗ್ರಂಥದ ಭಾಷೆಯಲ್ಲಿ ಹೇಳಿದರೆ ಯಾವ ನಮೂನೆಯ ಬಾಲ್ದಿ, ಯಾವ ನಮೂನೆಯ ಹಗ್ಗ ಎಂದು ಗೊತ್ತಾಗುವುದಿಲ್ಲ, ಆಮೇಲೆ ಅವನು ಬೇರೆ ಯಾವುದನ್ನಾದರೂ ಕಳಿಸಿದರೆ ಹಿಂದೆ ಕೊಡಲು ಆಗುತ್ತದೆಯೇ ಎಂದರು.

ಕೇಳಿದ್ದೆಲ್ಲ ಬಂತು ಎಂದು ಯಾರೂ ತಿಳಿಯಬಾರದು. ಶಾಲೆಗೊಂದು ಹಾರ್ಮೋನಿಯಂ ಬೇಕೆಂದು ನಾನು ಬರುವ ಮೊದಲೇ ಕೇಳಲು ತೊಡಗಿದ್ದರು. ಅದಕ್ಕಾಗಿ ಒಂದು ಮೇಜನ್ನು ಗೋಡೆಯ ಬದಿಗೆ ಸರಿಸಿ, ಮೇಲೆ ಕಸೂತಿಯ ಬಟ್ಟೆ ಹಾಸಿ, ಅದರ ಮೇಲೆ ಯಾರೂ ಪುಸ್ತಕ ಇಡಕೂಡದು ಎಂದು ಕಟ್ಟುಮಾಡಿದ್ದರು. ವರ್ಷಗಟ್ಟಲೆ ಖಾಲಿ ಮೇಜಿನ ಧೂಳು ಒರೆಸಿದರು. ಬರಲಿಲ್ಲವಲ್ಲ ಎಂದರೆ ಒಂದೇ ಮಾತು, “ಬಪ್ಪುಕಿತ್ತ್.” ಬರಲಿಕ್ಕಿದೆ. ಕೊನೆಗೂ ಅದು ಬರಲೇ ಇಲ್ಲ.

ಇನ್ನು ಮಂಜಿಯ ವಿಷಯ.

ನಮ್ಮ ಶಾಲೆಯ ಎದುರಿಗೆ ಹೊಳೆಯ ನಡುವೆ ಒಂದು ಕುದ್ರು ಇತ್ತು. ಸುತ್ತ ನೀರು, ಮಧ್ಯೆ ಹದಿನೇಳು ಮನೆ, ತೆಂಗಿನ ಮರ, ಒಂದಿಷ್ಟು ಗದ್ದೆ. ಅಲ್ಲಿನ ಇಪ್ಪತ್ತೆರಡು ಮಕ್ಕಳು ಶಾಲೆಗೆ ಬರಬೇಕಾದರೆ ದೋಣಿ ಬೇಕು. ಇದ್ದ ಒಂದು ದೋಣಿಯಲ್ಲಿ ದೊಡ್ಡವರು ಬೆಳಿಗ್ಗೆಯೇ ಬಲೆ ಹಾಕಲು ಹೋಗುತ್ತಿದ್ದರು. ಮಕ್ಕಳು ಬಂದರೆ ಹನ್ನೊಂದು ಗಂಟೆಗೆ ಬಂದರು, ಇಲ್ಲವಾದರೆ ಇಲ್ಲ. ಒಮ್ಮೆ ಒಬ್ಬಳು ಹುಡುಗಿ ಇಳಿತದ ಹೊತ್ತು ನೋಡಿ ನಡೆದೇ ದಾಟಲು ಹೋಗಿ ಎದೆಯವರೆಗಿನ ಕೆಸರಲ್ಲಿ ಹೂತು, ಯಾರೋ ಎಳೆದು ತೆಗೆದರು. ಅವತ್ತು ಸಂಜೆಯೇ ದೊಡ್ಡ ಟೀಚರ್ ದೋಣಿ ಕೇಳಲು ನಿರ್ಧರಿಸಿದರು.

ಸಣ್ಣ ದೋಣಿ ಕೇಳಿ, ಮಕ್ಕಳಿಗೆ ಅಷ್ಟು ಸಾಕು ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ದೊಡ್ಡದು, ಮುಳುಗದ್ದು, ಗಾಳಿಗೆ ಹೆದರದ್ದು ಎಂದು ತೀರ್ಮಾನವಾಯಿತು. ಪ್ರತಿ ಶನಿವಾರ ಹಂಗಾರಕಟ್ಟೆಗೆ ನಡೆದುಹೋಗಿ, ದೋಣಿ ಕಟ್ಟುವ ದಂಡೆಯಲ್ಲಿ ನಿಂತು ಸೆರಗೊಡ್ಡಿ ಗಟ್ಟಿಯಾಗಿ ಪ್ರಾರ್ಥನೆ ಮಾಡಿದರು. ಮನೆಯಲ್ಲೇ ಕೇಳಬಹುದಲ್ಲ ಎಂದರೆ, ದೇವರು ಕೊಡುವುದು ಯಾರದೋ ಕೈಯಿಂದ, ಆ ಕೈಗೂ ಕೇಳಿಸಲಿ ಎಂದರು. ಬಡಗಿಗಳು ಬಾಚಿ ಕೆಳಗಿಟ್ಟು ಕಾಯುತ್ತಿದ್ದರು, ಮುಗಿದ ಮೇಲೆ ಮತ್ತೆ ಕೆತ್ತುತ್ತಿದ್ದರು. ನಾಲ್ಕನೆಯ ಶನಿವಾರ ಹಂಚಿನ ವ್ಯಾಪಾರದ ಧಣಿಯೊಬ್ಬರು ತಮ್ಮ ಉಗ್ರಾಣದಿಂದ ಹೊರಗೆ ಬಂದು, ದಂಡೆಯಲ್ಲಿ ಕಟ್ಟಿಹಾಕಿದ್ದ ತಮ್ಮ ಮಂಜಿಯನ್ನು ತೋರಿಸಿ, ಅದನ್ನು ತೆಗೆದುಕೊಂಡು ಹೋಗಿ ಎಂದರು.

ಮಂಜಿ ಎಂದರೆ ದೋಣಿ ಅಲ್ಲ, ಹಾಯಿ ಕಟ್ಟಿದ ಸರಕಿನ ಹಡಗು. ಹಂಚು, ಅಕ್ಕಿ, ಕೊಬ್ಬರಿ ಹೇರಿಕೊಂಡು ಮುಂಬೈವರೆಗೆ ಹೋಗಿಬರುತ್ತಿದ್ದಂಥದ್ದು. ಲಾರಿಗಳು ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ, ಕೊಳ್ಳುವವರೂ ಇರಲಿಲ್ಲ. ಒಡೆಸಲು ಧಣಿಯ ಮುದಿ ತಾಯಿ ಬಿಡುತ್ತಿರಲಿಲ್ಲವಂತೆ. ದೊಡ್ಡ ಟೀಚರಿಗೆ ಒಂದು ಚೂರೂ ಆಶ್ಚರ್ಯವಾಗಲಿಲ್ಲ. ಲಂಗರು ಎಲ್ಲಿದೆ ಎಂದಷ್ಟೇ ಕೇಳಿದರು.

ಹೀಗೆ ಐದು ಕ್ಲಾಸಿನ ನಮ್ಮ ಶಾಲೆಗೆ ಒಂದು ಸಮುದ್ರದ ಹಡಗು ಬಂತು. ಕುದ್ರುವಿನಲ್ಲಿ ಒಬ್ಬ ಮುದುಕ ಇದ್ದ, ಹಿಂದೆ ಮಂಜಿಗಳ ತಂಡೇಲನಾಗಿ, ಎಂದರೆ ಮುಖ್ಯ ನಾವಿಕನಾಗಿ, ದೂರದೂರ ಹೋಗಿಬಂದವನು. ಹತ್ತು ವರ್ಷದಿಂದ ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಿದ್ದವನಿಗೆ ಮತ್ತೆ ಜೀವ ಬಂತು. ಎಂಟು ಜನರನ್ನು ಕಟ್ಟಿಕೊಂಡು ಹುಣ್ಣಿಮೆಯ ಉಬ್ಬರದಲ್ಲಿ ಅದನ್ನು ಹೊಳೆಗೆ ತಂದ. ಮೊದಲ ದಿನ ಇಪ್ಪತ್ತೆರಡು ಮಕ್ಕಳನ್ನು ಹತ್ತಿಸಿಕೊಂಡು ಹಾಯಿ ಬಿಚ್ಚಿ, ಜೊತೆಗೆ ಹತ್ತಿದ್ದ ದೊಡ್ಡ ಟೀಚರ ಕಡೆ ತಿರುಗಿ ಬಹಳ ಮರ್ಯಾದೆಯಿಂದ, “ಎಲ್ಲಿಗ್ ಟೀಚರಮ್ಮ, ಬೊಂಬಾಯಿಗಾ?” ಎಂದ.

ಕುದ್ರುವಿನಿಂದ ಶಾಲೆಗೆ ಒಂದು ಕೂಗಳತೆ. ಹಾಯಿಗೆ ಗಾಳಿ ತುಂಬುವ ಹೊತ್ತಿಗೆ ಶಾಲೆ ಹಿಂದೆ ಬಿದ್ದಾಗಿತ್ತು. ಮಕ್ಕಳು ಬಾವುಟ ಆಡಿಸಿದ ಹಾಗೆ ಸ್ಲೇಟು ಆಡಿಸುತ್ತಾ ನನ್ನ ಕಣ್ಣೆದುರೇ ಸಮುದ್ರದ ಕಡೆ ಹೋದರು. ಅಳಿವೆಯ ಹತ್ತಿರ ಹೇಗೋ ನಿಲ್ಲಿಸಿ, ಮೀನಿನ ದೋಣಿಗಳಲ್ಲಿ ಮಕ್ಕಳನ್ನು ಸಂಜೆ ಮನೆಗೆ ತಂದು ಮುಟ್ಟಿಸಿದರು. ಹಾಜರಿಯಲ್ಲಿ ಏನು ಬರೆಯಲಿ ಎಂದು ಕೇಳಿದೆ. ಶಾಲೆಯ ಹಡಗಿನಲ್ಲಿ ಇದ್ದರಲ್ಲ, ಹಾಜರು ಎಂದು ಬರೆ ಎಂದರು. ಎರಡನೆಯ ಸಲ ಮಂಜಿ ತಿರುಗಲು ಹೋಗಿ ಕುದ್ರುವಿನ ಪಕ್ಕದ ಕೆಸರಿಗೆ ಹತ್ತಿ ವಾಲಿ ನಿಂತಿತು. ಆಮೇಲೆ ಎಷ್ಟು ಜನ ನೂಕಿದರೂ ಕದಲಲಿಲ್ಲ. ಕೋಳಿಗಳು ಅದರೊಳಗೆ ಮೊಟ್ಟೆಯಿಟ್ಟವು. ತಂಡೇಲ ಅಜ್ಜ ಮಾತ್ರ ದಿನಾ ಹೋಗಿ ಹಲಗೆಗಳ ಸಂದಿಗೆ ಹತ್ತಿ ತುರುಕಿ ಎಣ್ಣೆ ಬಳಿದು ಬರುತ್ತಿದ್ದ.

ಊರು ನಕ್ಕಿತು. ನಾನೂ ಸ್ವಲ್ಪ ನಕ್ಕು, ಕೇಳಿದ್ದು ದೊಡ್ಡದಾಯಿತು ಅಲ್ಲವೇ ಎಂದೆ.

“ಕೇಂಡದ್ದ್ ದೊಡ್ಡದಾದ್ದಲ್ಲ ಮಗಾ,” ಎಂದರು ಅವರು, “ಹೊಳಿ ಸಣ್ಣದಾಯ್ತ್.”

ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ, ಎಲ್ಲ ಮಕ್ಕಳ ಎದುರಿಗೆ, ಈ ಹೊಳೆಯನ್ನು ಸ್ವಲ್ಪ ದೊಡ್ಡದು ಮಾಡು ಎಂದು ದೇವರ ಹತ್ತಿರ ಕೇಳಿದರು. ಆಗ ಬೇಸಿಗೆ ರಜೆಗೆ ಇನ್ನೊಂದು ವಾರ ಇತ್ತು.

ಆ ಸಲದ ಆಷಾಢದ ಮಳೆಯನ್ನು ಕಂಡವರು ಈಗಲೂ ಹೇಳುತ್ತಾರೆ. ಮೂರು ದಿನ ಬಿಡದೆ ಹೊಡೆಯಿತು. ಬಸ್ಸು ನಿಂತಿತ್ತು, ನಾನು ಅವರ ಮನೆಯಲ್ಲೇ ಇದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಹಲ್ಲುಜ್ಜಲು ಹೊರಗೆ ಬಂದವಳಿಗೆ ಹೊಳೆಯ ಆಚೆ ದಂಡೆ ಕಾಣಲಿಲ್ಲ. ಕುದ್ರು ಇದ್ದ ಕಡೆ ತೆಂಗಿನ ಮರಗಳೂ ಮನೆಗಳ ಮಾಡುಗಳೂ ಮಾತ್ರ ನೀರಿನ ಮೇಲಿದ್ದವು. ಅವುಗಳ ನಡುವೆ ಮಂಜಿ ನೆಟ್ಟಗೆ ತೇಲುತ್ತಾ ನಿಂತಿತ್ತು.

ನೀರು ಅಂಗಳಕ್ಕೆ ಬರುತ್ತಿದ್ದ ಹಾಗೆ ತಂಡೇಲ ಅಜ್ಜ ಹದಿನೇಳು ಮನೆಯವರನ್ನೂ ಬೈದು ಬೈದು ಅದಕ್ಕೆ ಹತ್ತಿಸಿದ್ದ. ಮಕ್ಕಳು, ಬಾಣಂತಿ, ದನಕರು, ಕೋಳಿಯ ಬುಟ್ಟಿ, ಭತ್ತದ ಮುಡಿ ಎಲ್ಲವೂ ಮೇಲಿದ್ದವು. ನಾಲ್ಕು ಕಡೆಗೆ ನಾಲ್ಕು ಮರಕ್ಕೆ ಹಗ್ಗ ಬಿಗಿದಿದ್ದ. ಮನೆಗಳು ಒಂದೊಂದೇ ಕೂತುಬಿಡುವುದು ದಂಡೆಗೆ ಕಾಣುತ್ತಿತ್ತು. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಸದ್ದೂ ಆಗುತ್ತಿರಲಿಲ್ಲ. ನಮ್ಮ ಕಡೆಯಿಂದ ಯಾವ ದೋಣಿಯೂ ಆ ಸೆಳೆತಕ್ಕೆ ಇಳಿಯುವಂತಿರಲಿಲ್ಲ.

ದೊಡ್ಡ ಟೀಚರ್ ಮೊಳಕಾಲಿನ ನೀರಲ್ಲಿ ನಿಂತಿದ್ದರು. ಈಗ ಸೆರಗು ಒಡ್ಡುತ್ತಾರೆ, ಈಗ ಬಾಯಿ ತೆರೆಯುತ್ತಾರೆ ಎಂದು ನಾನು ಕಾದೆ. ಅವರು ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಸುಮ್ಮನೆ ನೋಡುತ್ತಿದ್ದರು. ಮಧ್ಯಾಹ್ನವಾಯಿತು. ಕೊನೆಗೆ ನನಗೇ ತಡೆಯಲಾಗದೆ, ಏನಾದರೂ ಕೇಳಿ ಟೀಚರ್ ಎಂದೆ.

“ಇವತ್ತ್ ಕೇಳುಕೆ ಹೆದ್ರಿಕಿ ಆತ್ತ್, ಮಗಾ,” ಎಂದರು.

ಅಷ್ಟು ವರ್ಷದಲ್ಲಿ ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ದಿನ.

ಸಂಜೆಯ ಹೊತ್ತಿಗೆ ಸೆಳೆತ ತಗ್ಗಿ, ಇಳಿತದಲ್ಲಿ ದೋಣಿಗಳು ಹೋಗಿ ಎಲ್ಲರನ್ನೂ ಕರೆತಂದವು. ಒಂದು ಜೀವವೂ ಹೋಗಿರಲಿಲ್ಲ, ಕುದ್ರುವಿನ ಹಿರಿಯಳಾದ ಅಕ್ಕಣಿ ಅಜ್ಜಿಯ, ಹತ್ತಲು ಒಪ್ಪದ ಗಬ್ಬದ ದನವೊಂದನ್ನು ಬಿಟ್ಟರೆ. ಕುದ್ರುವಿನವರೆಲ್ಲ ನಮ್ಮ ಶಾಲೆಯಲ್ಲೇ ಉಳಿದರು. ಎರಡು ದಿನ ಗಂಜಿ ಕುಡಿದು ಬಟ್ಟೆ ಒಣಗಿಸಿಕೊಂಡರು. ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ಸೇರಿ ದೊಡ್ಡ ಟೀಚರನ್ನು ಜಗಲಿಗೆ ಕರೆಸಿದರು. ಕರೆಸಿದ್ದು ಹೊಗಳುವುದಕ್ಕಲ್ಲ.

ಮಾತಾಡಿದ್ದು ಅಕ್ಕಣಿ ಅಜ್ಜಿ. ಕುದ್ರುವಿನಲ್ಲಿ ಅವಳ ಮಾತು ಎಂದರೆ ಮುಗಿಯಿತು.

“ಹೊಳಿ ದೊಡ್ಡದಾಯ್ಲಿ ಅಂದ್ ನೀವ್ ಕೇಂಡದ್ದ್ ಹೌದಾ ಅಲ್ದಾ, ಟೀಚರಮ್ಮ? ನಮ್ಮ್ ಮಕ್ಳೇ ಬಂದ್ ಹೇಳಿದೊ.”

ಅವಳ ಹಿಂದೆ ಕೂತವರೆಲ್ಲ ತಲೆ ಆಡಿಸಿದರು. ಮಂಜಿ ತಮ್ಮನ್ನು ಉಳಿಸಿದ್ದು ಹೌದು, ಅದನ್ನು ಯಾರೂ ಇಲ್ಲವೆನ್ನುವುದಿಲ್ಲ. ಆದರೆ ಟೀಚರಮ್ಮ ಹೊಳೆ ಕೇಳದಿದ್ದರೆ ಮಂಜಿಯ ಅಗತ್ಯವೇ ಬೀಳುತ್ತಿರಲಿಲ್ಲ. ಇನ್ನು ಮುಂದೆ ಏನು ಕೇಳುವುದಿದ್ದರೂ ಮೊದಲು ಕುದ್ರುವಿಗೆ ಹೇಳಿ ಕಳಿಸಬೇಕು ಎಂದು ಒಬ್ಬರು ಹೇಳಿದರು. ಸಣ್ಣಪುಟ್ಟದ್ದಾದರೆ ಅಡ್ಡಿಯಿಲ್ಲ, ನೀರು, ಗಾಳಿ, ಬೆಂಕಿ ಮಾತ್ರ ಬೇಡ ಎಂದು ಇನ್ನೊಬ್ಬರು.

ಸುದ್ದಿ ತಿಳಿದು ಬ್ರಹ್ಮಾವರದ ಕಡೆಯಿಂದ ಸಭೆಯ ಪಾದ್ರಿ ಅಯ್ಯನವರು ಕೊಡೆ ಹಿಡಿದು ಕೆಸರು ತುಳಿದುಕೊಂಡು ಬಂದಿದ್ದರು. ಸಾಧು ಮನುಷ್ಯ. ತಮ್ಮ ಸಭೆಯ ಹೆಂಗಸನ್ನು ಪಾರುಮಾಡುವುದು ತಮ್ಮ ಕರ್ತವ್ಯ ಎಂದುಕೊಂಡು, ಮಳೆ ಬರುವುದು ಸಮುದ್ರದ ಮೋಡದಿಂದ, ನೆರೆ ಬರುವುದು ಘಟ್ಟದ ನೀರಿನಿಂದ, ಒಬ್ಬ ಟೀಚರಮ್ಮ ಪ್ರಾರ್ಥನೆ ಮಾಡಿದ್ದಕ್ಕೆ ಹೊಳೆ ಏರುತ್ತದೆ ಎಂಬುದು ಬರೀ ಭ್ರಮೆ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಕುದ್ರುವಿನವರು ಅನುಮಾನದಿಂದಲೇ ಕೇಳಿಸಿಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು. ದೊಡ್ಡ ಟೀಚರ್ ಸುಮ್ಮನಿದ್ದರೆ ಸಾಕಿತ್ತು.

“ಅಯ್ಯಾ,” ಎಂದರು ಅವರು, “ಹಾಂಗಾರೆ ಬಪ್ಪ ಐತ್ವಾರ ದೇವಾಲಯದಾಗೆ ಪ್ರಾರ್ಥನೆ ಎಂತಕೆ ಮಾಡ್ತ್ರಿ?”

ಅಯ್ಯನವರು ಕೊಡೆಯ ತುದಿಯಲ್ಲಿ ನೆಲ ಕೆರೆಯುತ್ತಾ ಕೂತರು.

ನಾನು ಆ ಎರಡು ದಿನ ಅವರ ಜೊತೆ ಇದ್ದವಳು. ಅವರು ಗಂಜಿ ಬಡಿಸುತ್ತಿದ್ದರೇ ಹೊರತು ಉಂಡದ್ದು ಕಡಿಮೆ. ಅವರ ತಲೆಯೊಳಗೆ ಏನು ನಡೆಯುತ್ತಿತ್ತು ಎಂದು ನನಗೆ ಗೊತ್ತಿತ್ತು. ತನ್ನ ಪ್ರಾರ್ಥನೆಯಿಂದ ಏನೂ ಆಗಲಿಲ್ಲ ಎಂದುಬಿಟ್ಟರೆ ತಪ್ಪಿನಿಂದ ಪಾರು, ಆದರೆ ಜೀವಮಾನವಿಡೀ ಹೇಳಿಕೊಂಡು ಬಂದದ್ದು ಸುಳ್ಳು. ಆಯಿತು ಎಂದರೆ ಹದಿನೇಳು ಮನೆ ಬೀಳಿಸಿದವಳು ತಾನೇ. ಯಾವುದನ್ನು ಹೇಳುತ್ತಾರೆ ಎಂದು ನಾನು ಕಾದು ಕೂತಿದ್ದೆ. ಅವರು ಎದ್ದು ನಿಂತರು.

“ನಾನ್ ಕೇಂಡದ್ದ್ ಹೌದ್. ಅವ ಕೊಟ್ಟದ್ದ್ ಅದನ್ನೇಯಾ ಅಂದ್ ನಂಗೊತ್ತಿಲ್ಲೆ. ನಿಮ್ದ್ ಎಂತೆಲ್ಲ ಹೋಯ್ತ್ ಅಂದ್ ಹೇಳಿ. ಅದನ್ನೂ ಕೇಳ್ತೆ.”

ಬೈಯಲು ಬಂದವರಿಗೆ ಇದು ಗೊತ್ತಿದ್ದ ದಾರಿಯಲ್ಲ. ಅಕ್ಕಣಿ ಅಜ್ಜಿಯೇ ಮೊದಲು, ಒಂದು ಗಬ್ಬದ ದನ ಎಂದಳು. ದೊಡ್ಡ ಟೀಚರ್ ನನ್ನ ಕಡೆ ನೋಡಿದರು. ನಾನು ಒಂದು ಕಾಪಿ ಪುಸ್ತಕ ತೆಗೆದು ಬರೆದೆ. ಒಂದು ಅರೆಯುವ ಕಲ್ಲು ಎಂದಳು. ಅರೆಯುವ ಕಲ್ಲು ತೇಲಿ ಹೋಗುವುದುಂಟೇ ಎಂದು ನಾನು ತಲೆ ಎತ್ತಿದೆ. ದೊಡ್ಡ ಟೀಚರ್ ಕಣ್ಣಲ್ಲೇ ಬರೆಯಲು ಹೇಳಿದರು.

ಆಮೇಲೆ ಎಲ್ಲರೂ ಶುರುಮಾಡಿದರು. ಮಂಚ ಹೋಯಿತು, ಹಿತ್ತಾಳೆಯ ಹಂಡೆ ಹೋಯಿತು, ಬೀಟೆಯ ಪೆಟ್ಟಿಗೆ ಹೋಯಿತು. ಹುಲ್ಲಿನ ಮಾಡಿನ ಕೆಳಗೆ ಹುಟ್ಟಿ ಬೆಳೆದವರೆಲ್ಲ ಹಂಚಿನ ಮಾಡು ಕಳಕೊಂಡೆವು ಎಂದರು. ಮಧ್ಯಾಹ್ನದೊಳಗೆ ಆ ಕಾಪಿ ಪುಸ್ತಕದಲ್ಲಿ ಮುಳುಗಿದ ಕುದ್ರು ಕುಂದಾಪುರದ ಪೇಟೆಗಿಂತ ಸಿರಿವಂತವಾಗಿತ್ತು. ಬಚ್ಚಣ್ಣ ಎಂಬ ನಾಚಿಕೆಯ ಮನುಷ್ಯ ಕಂಬದ ಮರೆಯಲ್ಲಿ ಕೂತಿದ್ದ. ತನ್ನ ಸರದಿ ಬಂದಾಗ ನೆಲ ನೋಡುತ್ತಾ, ಒಂದು ರೇಡಿಯೋ ಎಂದ. ನಾನು ಪೆನ್ಸಿಲು ಕೆಳಗಿಟ್ಟೆ. ದೊಡ್ಡ ಟೀಚರ ಕಿವಿಯಲ್ಲಿ, ಇವನ ಮನೆಯಲ್ಲಿ ಲಾಟೀನೇ ಇರಲಿಲ್ಲ, ರೇಡಿಯೋ ಎಲ್ಲಿಂದ ಬಂತು ಎಂದೆ.

“ಗೊತ್ತಿತ್ತ್,” ಎಂದರು ಅವರು ಮೆಲ್ಲಗೆ. “ಕೇಳುಕೆ ನಾಚ್ಕಿ ಆಯಿ, ಕಳ್ಕಂಡೆ ಅಂತ ಹೇಳ್ದ. ನೀ ಬರಿ.”

ನಾನು ಬರೆದೆ.

ಎಲ್ಲರದೂ ಮುಗಿಯಿತು ಎನ್ನುವಾಗ ಹಿಂದಿನಿಂದ ಒಬ್ಬಳು ಹೆಂಗಸು, ಸೀತು ಎಂದು ಹೆಸರು, ಮಗುವನ್ನು ತೊಡೆಯ ಮೇಲೆ ಸರಿಸಿಕೊಂಡು, ತನ್ನ ಗಂಡ ಹೋದ ಎಂದಳು. ಅವನು ಮುಂಬೈಯ ಹೋಟೆಲಿನ ಕೆಲಸಕ್ಕೆಂದು ಹೋಗಿ ನಾಲ್ಕು ವರ್ಷವಾಗಿತ್ತು, ಒಂದು ಕಾಗದವೂ ಬಂದಿರಲಿಲ್ಲ. ನೆರೆಯಲ್ಲಿ ಹೋದವನಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ನಗಲಿಲ್ಲ. ಯಾರೂ ತಿದ್ದಲಿಲ್ಲ. ರೇಡಿಯೋದ ಕೆಳಗಿನ ಗೆರೆಯಲ್ಲಿ ನಾನು ಗಂಡ ಎಂದು ಬರೆದೆ.

ದೊಡ್ಡ ಟೀಚರ್ ಪುಸ್ತಕ ತೆಗೆದುಕೊಂಡು, ಸೊಂಟಕ್ಕೆ ಬಿಗಿದಿದ್ದ ಸೆರಗನ್ನು ಬಿಚ್ಚಿ ಒಡ್ಡಿ, ಅಲ್ಲೇ ನಿಂತು ಎಲ್ಲವನ್ನೂ ಕೇಳಿದರು. ನಾನು ಪಕ್ಕದಲ್ಲಿ ಹಾಳೆ ತಿರುಗಿಸುತ್ತಿದ್ದೆ. ದನ ಎಷ್ಟು ಹಾಲು ಕೊಡುತ್ತಿತ್ತು, ಹಂಡೆಗೆ ಎಷ್ಟು ಕೊಡ ಹಿಡಿಯುತ್ತಿತ್ತು, ರೇಡಿಯೋಕ್ಕೆ ಎಷ್ಟು ಗುಂಡಿ ಇರಬೇಕು, ಸೀತುವಿನ ಗಂಡನ ಎಡಗೆನ್ನೆಯ ಮೇಲಿನ ಮಚ್ಚೆ. ಮಂದಿ ನಡುವೆ ನಡುವೆ ವಿವರ ಸೇರಿಸುತ್ತಿದ್ದರು. ಅರ್ಧ ಗಂಟೆ ಹಿಡಿಯಿತು. ಕೊನೆಯಲ್ಲಿ ಅವರು ಹೊಸದೊಂದು ಮಾತು ಸೇರಿಸಿದರು: ಇದನ್ನೆಲ್ಲ ಯಾರ ಮನೆಗೂ ನೀರು ನುಗ್ಗದ ಹಾಗೆ ಕೊಡು. ಅದಾದ ಮೇಲೆ ಸಾಯುವ ತನಕ, ಒಂದು ಸೀಮೆಸುಣ್ಣ ಕೇಳುವಾಗಲೂ ಈ ಮಾತನ್ನು ಅವರು ಬಿಟ್ಟದ್ದಿಲ್ಲ.

ಬಂದದ್ದು ಎಷ್ಟು, ಬಾರದ್ದು ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಇದ್ದ ಹಾಗೆ ಹೇಳುತ್ತೇನೆ. ತಮ್ಮ ಮಂಜಿ ಊರನ್ನು ಉಳಿಸಿತು ಎಂದು ಕೇಳಿ ಹಂಗಾರಕಟ್ಟೆಯ ಧಣಿಗೆ ಹೆಮ್ಮೆಯೋ ಹೆಮ್ಮೆ. ಉಗ್ರಾಣದಲ್ಲಿ ಸಾಗಿಸಲಾಗದೆ ಬಿದ್ದಿದ್ದ ಹಂಚನ್ನೆಲ್ಲ ದೋಣಿಯಲ್ಲಿ ಕಳಿಸಿದರು. ಹದಿನೇಳು ಮನೆಗೂ ಹಂಚಿನ ಮಾಡಾಯಿತು. ಕೆಲವು ಮನೆಗಳಿಗೆ ಬರೀ ಮೂಲೆಹಂಚೇ, ಎಂದರೆ ಮಾಡಿನ ನೆತ್ತಿಗೆ ಹಾಕುವ ಬಾಗಿದ ಹಂಚೇ, ಸಿಕ್ಕಿ ಮಾಡು ಮೊಸಳೆಯ ಬೆನ್ನಿನಂತೆ ಕಾಣುತ್ತಿತ್ತು, ಆದರೆ ಸೋರುತ್ತಿರಲಿಲ್ಲ. ಅಕ್ಕಣಿ ಅಜ್ಜಿಗೆ ದನ ಸಿಕ್ಕಿತು, ಹಾಯುವ ದನ. ಅವಳ ಅರೆಯುವ ಕಲ್ಲು ಇದ್ದಲ್ಲೇ ಕೆಸರಿನಡಿ ಸಿಕ್ಕಿತು. ಸರಕಾರದವರು ಊರಿಗೊಂದು ಸಾರ್ವಜನಿಕ ರೇಡಿಯೋ ಕೊಟ್ಟಾಗ ಅದನ್ನು ನಮ್ಮ ಶಾಲೆಯಲ್ಲಿ ಇಡಿಸಿದರು, ನೋಡಿಕೊಳ್ಳುವ ಕೆಲಸವನ್ನು ದೊಡ್ಡ ಟೀಚರ್ ಬಚ್ಚಣ್ಣನಿಗೆ ವಹಿಸಿದರು. ಬ್ಯಾಟರಿ ಒಂದು ತಿಂಗಳಲ್ಲಿ ಮುಗಿಯಿತು. ಬಚ್ಚಣ್ಣ ಮಾತ್ರ ಆಮೇಲೂ ದಿನಾ ಸಂಜೆ ಬಂದು ಗುಂಡಿ ತಿರುಗಿಸಿ, ಸ್ವಲ್ಪ ಹೊತ್ತು ಎದುರಿಗೆ ಕೂತು ಹೋಗುತ್ತಿದ್ದ. ಸೀತುವಿನ ಗಂಡ ಬರಲಿಲ್ಲ. ಅವನಿಗಾಗಿ ಕೇಳುವುದನ್ನು ದೊಡ್ಡ ಟೀಚರ್ ನಿಲ್ಲಿಸಲೂ ಇಲ್ಲ. ಕೆಲವು ದಿನ ಸೀತು ಪಕ್ಕದಲ್ಲಿ ನಿಂತು, ಇವತ್ತು ಬೇಡ, ನನಗೆ ಸಿಟ್ಟು ಬಂದಿದೆ ಎನ್ನುವಳು. ಅವತ್ತು ಅವನನ್ನು ಬಿಟ್ಟು ಬೇರೆಯದನ್ನು ಕೇಳುವರು.

ಮಂಜಿ ಏನಾಯಿತು ಎಂದರೆ, ನೀರಿಳಿದ ಮೇಲೆ ಅದು ಕುದ್ರುವಿನ ನಟ್ಟನಡುವೆ, ಗದ್ದೆಯಲ್ಲಿ ನೆಟ್ಟಗೆ ಕೂತಿತ್ತು. ನಾಲ್ಕು ದಿನ ಬಿಟ್ಟು ದೊಡ್ಡ ಟೀಚರ್ ಅದನ್ನು ಸುತ್ತಿ ಬಂದು, ಕುದ್ರುವಿನ ಮಕ್ಕಳ ಒಂದನೇ ಎರಡನೇ ಕ್ಲಾಸನ್ನು ಅದರೊಳಗೇ ನಡೆಸೋಣ ಎಂದರು. ಸಣ್ಣ ಮಕ್ಕಳು ಮತ್ತೆ ಹೊಳೆ ದಾಟಬೇಕಾಗಲಿಲ್ಲ. ದಾಟುತ್ತಿದ್ದವಳು ನಾನು. ಇನ್ಸ್‌ಪೆಕ್ಟರು ಬಂದು ಏಣಿ ಹತ್ತಿ ಇಳಿದು, ಕಟ್ಟಡದ ನಮೂನೆ ಎಂಬ ಜಾಗದಲ್ಲಿ ಬಹಳ ಹೊತ್ತು ಯೋಚಿಸಿ, ಮರದ್ದು ಎಂದು ಬರೆದು ಹೋದರು.

ನಿವೃತ್ತಿಯಾದ ಮೇಲೂ ಅವರು ಅದೇ ಮನೆಯಲ್ಲಿದ್ದರು. ಎಪ್ಪತ್ತರ ಆಚೀಚೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಕುಂದಾಪುರದ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಹೋಗಿದ್ದೆ. ಗುಣವಾಗಲಿ ಎಂದು ಕೇಳಿದ್ದೀರಾ ಎಂದೆ. ಕೇಳಿದ್ದೇನೆ, ಈ ವಾರ್ಡಿನ ಎಲ್ಲರದೂ ಸೇರಿಸಿ ಕೇಳಿದ್ದೇನೆ ಎಂದರು. ಪಕ್ಕದ ಮಂಚದ ಬೈಂದೂರಿನ ಹೆಂಗಸು ಗುಣವಾಗಿ ಮನೆಗೆ ಹೋದಳು. ಆ ಸುದ್ದಿಯನ್ನು ನನಗೆ ಹೇಳುವಾಗ ಅವರ ಮುಖದಲ್ಲಿದ್ದದ್ದು ತಮ್ಮದೇ ಕೆಲಸ ಆಯಿತು ಎಂಬ ಸಂತೋಷ. ಎರಡು ವಾರದ ಮೇಲೆ ತೀರಿಕೊಂಡರು.

ಮಣ್ಣು ಮಾಡುವಾಗ ಕುದ್ರುವಿನ ಹದಿನೇಳು ಮನೆಯವರೂ ಬಂದಿದ್ದರು. ತಂಡೇಲ ಅಜ್ಜ ಆಗ ಇರಲಿಲ್ಲ. ಅಕ್ಕಣಿ ಅಜ್ಜಿಯನ್ನು ಮೊಮ್ಮಗ ಎತ್ತಿಕೊಂಡು ಬಂದು ಗುಂಡಿಯ ಹತ್ತಿರ ಒಂದು ಕಲ್ಲಿನ ಮೇಲೆ ಕೂರಿಸಿದ್ದ. ಅದೇ ಪಾದ್ರಿ ಅಯ್ಯನವರು, ಅವರಿಗೂ ಕೂದಲು ಬೆಳ್ಳಗಾಗಿತ್ತು, ಪುಸ್ತಕ ತೆರೆದು ಮೆಲುದನಿಯಲ್ಲಿ, ಕರ್ತನೇ, ಈ ನಿನ್ನ ದಾಸಿಗೆ ನಿನ್ನ ಮನೆಯಲ್ಲಿ ಒಂದು ಮೂಲೆಯನ್ನಾದರೂ ಕರುಣಿಸು ಎಂದು ಬೇಡಿಕೊಂಡರು.

“ಹ್ವಾಯ್ ಅಯ್ಯಾ,” ಎಂದಳು ಅಕ್ಕಣಿ ಅಜ್ಜಿ ಕೂತಲ್ಲಿಂದಲೇ, “ಮೂಲಿ ಎಂತಕೆ? ಚಾವಡಿ ಇಪ್ಪ ಮನಿ ಕೇಳಿ.”

ಸಭೆಯ ಜನ ತಿರುಗಿ ನೋಡಿದರು. ಅಯ್ಯನವರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಅಷ್ಟರಲ್ಲಿ ಬಚ್ಚಣ್ಣ, ಯಾರ ಎದುರೂ ಬಾಯಿ ಬಿಡದವನು, ಅಂಗಳದಲ್ಲಿ ಸಿಹಿನೀರಿನ ಬಾವಿ ಬೇಕು ಎಂದ. ದೀಪ ಇರಬೇಕು ಎಂದು ಇನ್ನೊಬ್ಬರು. ಸೀತು ಸೆರಗಿನಿಂದ ಮೂಗು ಒರೆಸಿಕೊಂಡು, ಒಬ್ಬರೇ ಇದ್ದು ಅಭ್ಯಾಸವಾದರೂ ಬೇಜಾರಿತ್ತು ಅವರಿಗೆ, ಆಚೆ ಈಚೆ ಮನೆಗಳಿರಲಿ ಎಂದಳು. ನನಗೂ ಹೇಳಲು ಒಂದಿತ್ತು, ಆ ಖಾಲಿ ಮೇಜಿನ ಮೇಲೆ ಇಡುವಂಥದ್ದು. ಹೇಳಿದೆ.

ಅಯ್ಯನವರು ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಎಲ್ಲರೂ ಹೇಳಿ ಮುಗಿಸುವ ತನಕ ಬಿಸಿಲಲ್ಲಿ ನಿಂತು ಕಾದರು. ಆಮೇಲೆ ಕಣ್ಣು ಮುಚ್ಚಿ, ಒಂದನ್ನೂ ಬಿಡದೆ, ಮೊದಲಿನಿಂದ ಕೇಳಲು ಶುರುಮಾಡಿದರು.